ಇಲ್ಲದ್ದನ್ನು ಕಂಡ ಡಾಕ್ಟರು

ಅವರ ಬಲಗೆನ್ನೆಯ ಮೇಲಿನ ಗೋಪೀಚಂದನದ ಮುದ್ರೆ ಮಧ್ಯಾಹ್ನದವರೆಗೆ ಉಳಿದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಬೆಳಗಿನ ಪೂಜೆ ಮುಗಿಸಿ, ಹಣೆಗೆ ಅಂಗಾರದ ಕಪ್ಪು ಗೆರೆ ಎಳೆದುಕೊಂಡು ಹೊರಕೋಣೆಗೆ ಬರುವಾಗ ಮುದ್ರೆ ಅಚ್ಚುಕಟ್ಟಾಗಿ ಇರುತ್ತಿತ್ತು. ಮೊದಲ ಕೂಸು ಅತ್ತ ಕೂಡಲೇ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುವರು. ಕೂಸು ಜೊಲ್ಲು ಮೆತ್ತಿದ ಕೈಯಿಂದ ಅವರ ಕೆನ್ನೆ ಸವರುವುದು. ಎರಡನೆಯದು ಬಂದು ಉಳಿದದ್ದನ್ನು ಒರೆಸಿಬಿಡುವುದು. ಮನೆಗೆ ಹೋದ ಮೇಲೆ ತಾಯಂದಿರಿಗೆ ತಮ್ಮ ಮಗುವಿನ ಅಂಗೈಯಲ್ಲೋ ಕಿವಿಯ ಹಿಂದೆಯೋ ಒಂದು ಹಳದಿ ಗೆರೆ ಸಿಗುತ್ತಿತ್ತು. ಆಂಧ್ರದ ಗಡಿಯಲ್ಲಿರುವ ನಮ್ಮ ಆದೋನಿಯ ಎಷ್ಟೋ ಮನೆಗಳಲ್ಲಿ, ಮುಸಲ್ಮಾನರ ಓಣಿಗಳಲ್ಲಿ ಕೂಡ, ಆ ಗೆರೆ ಕಂಡರೆ ಮಗುವನ್ನು ಸಾರ್ ಎತ್ತಿಕೊಂಡಿದ್ದಾರೆ ಎಂದು ತಿಳಿಯುತ್ತಿತ್ತು.

ಅವರು ಮಕ್ಕಳ ಡಾಕ್ಟರು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ತಮ್ಮ ಹಳೆಯ ಮನೆಯ ಹೊರಕೋಣೆಯನ್ನೇ ದವಾಖಾನೆ ಮಾಡಿಕೊಂಡಿದ್ದರು. ಪಕ್ಕದ ಉದ್ದನೆಯ ಕೋಣೆಯಲ್ಲಿ ಕೆಲವು ಮಂಚಗಳು. ಅದರ ಕೊನೆಗೆ ಒಂದು ಬಾಗಿಲು. ಬಾಗಿಲಿನ ಆಚೆ ಅವರ ಸಂಸಾರ. ಮಂಚದ ಮೇಲೆ ಮಗುವನ್ನು ಮಲಗಿಸಿಕೊಂಡು ಕೂತವರಿಗೆ ಫಿನಾಯಿಲ್ ವಾಸನೆಯೂ ಒಳಗಿನ ಇಂಗಿನ ಒಗ್ಗರಣೆಯೂ ಒಟ್ಟಿಗೇ ಬರುತ್ತಿದ್ದವು.

ಯಾವ ತಾಯಿ ಬಂದರೂ ಮಗುವನ್ನು ಮುಟ್ಟುವ ಮೊದಲು ಅವಳಿಗೊಂದು ಪ್ರಶ್ನೆ ಇರುತ್ತಿತ್ತು. "ನೀವು ಉಂಡೀರೇನ್ರಿ?" ತೆಲುಗಿನವಳಾದರೆ "ತಿನ್ನಾವಾ ಅಮ್ಮಾ?" ಎನ್ನುವರು. ಬುರ್ಖಾ ಹಾಕಿದವಳಾದರೆ "ಖಾನಾ ಖಾಯೇ ಕ್ಯಾ ಮಾ?" ಇಲ್ಲ ಎಂದರೆ ಕಂಪೌಂಡರಿಗೆ ಹೇಳಿ ಹೊರಗಿನ ಗಾಡಿಯಿಂದ ಇಡ್ಲಿಯನ್ನೋ ಉಗ್ಗಾಣಿಯನ್ನೋ ತರಿಸುವರು. "ಖಾಲಿ ಹೊಟ್ಟಿಲೆ ಕೂತವರಿಗೆ ನಾ ಹೇಳಿದ್ದು ತಲಿಗೆ ಹತ್ತಂಗಿಲ್ಲ" ಎಂಬುದು ಅವರು ಕೊಡುತ್ತಿದ್ದ ಕಾರಣ. ತಾವು ಮಾತ್ರ ಏಕಾದಶಿಯ ದಿನ ಒಂದು ಹನಿ ನೀರು ಮುಟ್ಟುತ್ತಿರಲಿಲ್ಲ. ಅವತ್ತು ಅವರ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವರ ಜೊತೆ ಮೊದಲಿನಿಂದ ಇದ್ದ ಮುಸಲ್ಮಾನ ಕಂಪೌಂಡರು ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಪಿಸುಗುಡುತ್ತಿದ್ದರು: "ಇವತ್ತು ಏಕಾದಶಿ ಐತಮ್ಮಾ, ಜರಾ ಹುಷಾರಿಂದ ಮಾತಾಡು."

"ಏನೂ ಆಗಂಗಿಲ್ಲ, ಹೆದರಬ್ಯಾಡ್ರಿ" ಎನ್ನುವ ಮಾತು ಮಾತ್ರ ಅವರ ಬಾಯಿಂದ ಬರುತ್ತಿರಲಿಲ್ಲ. ಎಲ್ಲ ಡಾಕ್ಟರೂ ಹೇಳುವ, ಎಲ್ಲ ತಾಯಂದಿರೂ ಕೇಳಬಯಸುವ ಆ ಮಾತನ್ನು ಅವರೇಕೆ ಹೇಳುವುದಿಲ್ಲವೆಂದು ಮೊದಮೊದಲು ನನಗೆ ಬೇಸರವಾಗುತ್ತಿತ್ತು. ಗೊತ್ತಿಲ್ಲದ್ದನ್ನು "ನಂಗ ಗೊತ್ತಿಲ್ಲಮ್ಮಾ, ಓದಿ ಹೇಳ್ತೀನಿ" ಎಂದುಬಿಡುವರು. ಇಂಥವರ ಹತ್ತಿರ ಯಾಕೆ ಹೋಗುತ್ತೀಯೆಂದು ನಮ್ಮ ಅತ್ತೆ ಗೊಣಗುತ್ತಿದ್ದರು.

ನಾನು ಆಲೂರಿನಲ್ಲಿ ಕನ್ನಡ ಮಾಧ್ಯಮದ ಶಾಲೆಯ ಟೀಚರು. ನನ್ನ ಗಂಡ ಅಲ್ಲೇ ಮಂಡಲ ಆಫೀಸಿನಲ್ಲಿ ಗುಮಾಸ್ತ. ನಮ್ಮ ಮಗ ಹುಟ್ಟಿದಾಗ ನೋಡಿದವರು ದೃಷ್ಟಿ ತೆಗೆಯಬೇಕು ಎನ್ನುವಷ್ಟು ಚೆನ್ನಾಗಿದ್ದ. ಕೂರುವುದನ್ನು ಕಲಿಯುವವರೆಗೆ ಅವನಿಗೆ ಒಂದು ನೆಗಡಿಯೂ ಬರಲಿಲ್ಲ. ಆಮೇಲೆ ಕಿವಿ ಸೋರಲು ಶುರುವಾಯಿತು. ಒಂದು ಕಿವಿ ಒಣಗಿತೆಂದರೆ ಇನ್ನೊಂದು. ಕಿವಿ ಮುಗಿಯಿತೆಂದರೆ ಎದೆಯಲ್ಲಿ ಕಫ, ನ್ಯುಮೋನಿಯಾ. ತಿಂಗಳಿಗೊಮ್ಮೆಯಾದರೂ ಅವನನ್ನು ಟವೆಲಿನಲ್ಲಿ ಸುತ್ತಿಕೊಂಡು ಆದೋನಿ ಬಸ್ಸು ಹತ್ತುವುದು ನನಗೆ ರೂಢಿಯಾಯಿತು. ಕಂಡಕ್ಟರುಗಳು ನನ್ನನ್ನು ನೋಡಿ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದರು.

ಇನ್ನೊಂದು ನೋವೂ ಇತ್ತು. ನನ್ನ ಅವ್ವ ಮೊಮ್ಮಗನನ್ನು ಎತ್ತಿಕೊಳ್ಳುತ್ತಿರಲಿಲ್ಲ. ಆಸ್ಪರಿ ಕಡೆಯ ಹಳ್ಳಿಯಿಂದ ಬಂದವಳು ಬಾಗಿಲ ಹತ್ತಿರ ಕೂತು, ಅವನು ಆಡುವುದನ್ನು ಕಣ್ತುಂಬ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದಳು. ಅವನು ಅಂಬೆಗಾಲಿಟ್ಟು ಹತ್ತಿರ ಹೋದರೆ ಕಾಲು ಹಿಂದಕ್ಕೆ ಎಳೆದುಕೊಳ್ಳುವಳು. ಕೇಳಿದರೆ "ನನ್ನ ಕೈ ಬ್ಯಾಡವ್ವ" ಎಂದಷ್ಟೇ ಉತ್ತರ.

ಅದು ಬೇಸಿಗೆ ರಜೆಯ ಶುರು. ಬೆಳಿಗ್ಗೆ ಮಗ ಎದ್ದವನೇ ವಾಂತಿ ಮಾಡಿಕೊಂಡ. ಮೈ ಕೆಂಡದಂತಿತ್ತು. ಅದು ನನಗೆ ಹೊಸದಲ್ಲ. ಆದರೆ ಚಡ್ಡಿ ಬದಲಿಸಲೆಂದು ಕಾಲೆತ್ತಿದಾಗ ಅವನು ಚೀರಿದ ರೀತಿ ಹೊಸದು. ಎತ್ತಿಕೊಂಡರೆ ಸಮಾಧಾನವಾಗುವ ಬದಲು ಇನ್ನೂ ಹೆಚ್ಚು ಅಳುತ್ತಿದ್ದ. ಬಸ್ಸಿನಲ್ಲಿ ಅಳುವುದನ್ನೂ ನಿಲ್ಲಿಸಿದ. ಕಣ್ಣು ಅರ್ಧ ತೆರೆದಿದ್ದವು. ಆದರೆ ನನ್ನನ್ನು ನೋಡುತ್ತಿರಲಿಲ್ಲ.

ಡಾಕ್ಟರು ಅವತ್ತು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಮಗುವಿನ ತಲೆಯ ಕೆಳಗೆ ಕೈ ಕೊಟ್ಟು ಮೆಲ್ಲಗೆ ಎತ್ತಲು ನೋಡಿದರು. ಕತ್ತು ಬಾಗಲಿಲ್ಲ; ತಲೆಯ ಜೊತೆ ಹೆಗಲೂ ಮೇಲೆದ್ದಿತು. ನೆತ್ತಿಯ ಮೇಲೆ ಇನ್ನೂ ಪೂರ್ತಿ ಕೂಡದಿದ್ದ ಮೆತ್ತನೆ ಜಾಗವನ್ನು ಬೆರಳಿನಿಂದ ಮುಟ್ಟಿದರು. ಅದು ಉಬ್ಬಿತ್ತು.

"ಟೀಚರಮ್ಮ, ಇದು ಮೆದುಳು ಜ್ವರ ಇದ್ದಂಗ ಕಾಣ್ತದ. ಮೆನಿಂಜೈಟಿಸ್. ಔಷಧಿ ಈಗಲೇ ಶುರು ಮಾಡ್ತೀನಿ. ಆದ್ರ ಬೆನ್ನಿನ ನೀರು ತೆಗೆದು ನೋಡಬೇಕು."

ನನ್ನ ಜೊತೆ ಗಂಡನೂ ಅತ್ತೆಯೂ ಬಂದಿದ್ದರು. ಅತ್ತೆ ಮಂಚಕ್ಕೆ ಅಡ್ಡ ಬಂದು ನಿಂತರು. "ಬ್ಯಾಡ್ರಿ ಸಾರ್! ಬೆನ್ನಾಗ ಸೂಜಿ ಹಾಕಿದ್ರ ಕಾಲು ಬೀಳತಾವ. ನಮ್ಮ ಓಣ್ಯಾಗ ಒಬ್ಬಾಕಿ ಮಗಂಗ ಹಂಗ ಆಗೈತಿ. ಮದ್ದು ಕೊಟ್ಟು ಕಳಸ್ರಿ, ದೇವರು ಅದಾನ."

ನನ್ನ ಗಂಡ ಗೋಡೆ ನೋಡುತ್ತ ನಿಂತಿದ್ದ. ಡಾಕ್ಟರು ಕೈಯಲ್ಲಿದ್ದ ಸಿರಿಂಜನ್ನು ಕಂಪೌಂಡರಿಗೆ ಕೊಟ್ಟು ಮೊದಲ ಇಂಜೆಕ್ಷನ್ ಹಾಕಲು ಹೇಳಿದರು. ಆಮೇಲೆ ಸ್ಟೂಲು ಎಳೆದುಕೊಂಡು ಅತ್ತೆಯ ಎದುರು ಕೂತರು.

"ಅಮ್ಮಾ, ಆ ಹುಡುಗನ ಕಾಲು ತೆಗೆದದ್ದು ಸೂಜಿ ಅಲ್ಲ, ಆ ಜ್ವರ. ಸೂಜಿ ಕಣ್ಣಿಗೆ ಕಾಣ್ತದ, ಕ್ರಿಮಿ ಕಾಣಂಗಿಲ್ಲ. ಅದಕ್ಕ ಜನ ಸೂಜಿ ಹೆಸರು ಹೇಳ್ತಾರ. ನಿಮ್ಮ ಮೊಮ್ಮಗ ಬದುಕ್ತಾನ ಅಂತ ಮಾತು ಕೊಡ್ಲಿಕ್ಕೆ ನಂಗ ಬರಂಗಿಲ್ಲ. ಯಾವ ಕ್ರಿಮಿ ಅಂತ ತಿಳಿದ್ರ ಅದಕ್ಕ ತಕ್ಕ ಔಷಧಿ ಕೊಡಬಹುದು. ನಾ ಸುಳ್ಳು ಹೇಳೋದಾಗಿದ್ರ ಇಷ್ಟು ಹೊತ್ತಿಗೆ ನಿಮಗ ಧೈರ್ಯ ಹೇಳಿ ಮನೀಗೆ ಕಳಸ್ತಿದ್ದೆ."

ಅತ್ತೆ ಅವರ ಮುಖವನ್ನೇ ನೋಡಿದರು. ಆಮೇಲೆ ಮಂಚದ ಪಕ್ಕಕ್ಕೆ ಸರಿದು "ಮಾಡ್ರಿ" ಎಂದರು. ಸಿಹಿ ಮಾತು ಆಡದ ಮನುಷ್ಯನ ಮಾತಿಗೆ ಎಷ್ಟು ತೂಕವಿರುತ್ತದೆ ಎನ್ನುವುದು ನನಗೆ ಅವತ್ತು ತಿಳಿಯಿತು.

ಬೆನ್ನಿನ ನೀರು ತಿಳಿಯಾಗಿರಬೇಕಂತೆ. ಸಣ್ಣ ಗಾಜಿನ ನಳಿಗೆಯಲ್ಲಿ ಅವರು ನನಗೆ ತೋರಿಸಿದ್ದು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು. ಅದರಲ್ಲಿದ್ದದ್ದು ನ್ಯುಮೋನಿಯಾ ತರುವ ಕ್ರಿಮಿಯೇ. ಎದೆ ಬಿಟ್ಟು ರಕ್ತಕ್ಕೆ ಇಳಿದು, ರಕ್ತದಿಂದ ಮೆದುಳಿನ ಪೊರೆಗೆ ಹತ್ತಿತ್ತು.

ಮಗ ಬದುಕಿದ. ಎಷ್ಟೋ ದಿನ ಆ ಉದ್ದನೆಯ ಕೋಣೆಯೇ ನಮ್ಮ ಮನೆಯಾಯಿತು. ಬಾಗಿಲಿನ ಆಚೆಯಿಂದ ಡಾಕ್ಟರ ಹೆಂಡತಿ ನನಗೆ ಸಾರು ಅನ್ನ ಕಳಿಸುತ್ತಿದ್ದರು. ಒಂದು ಬೆಳಿಗ್ಗೆ ಮಗ ನನ್ನ ಬಳೆ ಹಿಡಿದು ಎಳೆದಾಗ ಕಂಪೌಂಡರು ಓಡಿಹೋಗಿ ಪೂಜೆಯಲ್ಲಿದ್ದ ಡಾಕ್ಟರನ್ನು ಕರೆತಂದರು. ಅವರು ಒದ್ದೆ ಪಂಚೆಯಲ್ಲೇ ಬಂದು ನೋಡಿ ನಕ್ಕು ಹೋದರು. ಆದರೆ ಮಗನ ಎಡಗಿವಿ ಹೋಗಿತ್ತು. ಆ ಕಡೆ ತಟ್ಟೆ ಬಡಿದರೂ ತಿರುಗುತ್ತಿರಲಿಲ್ಲ. ಅದನ್ನೂ ಅವರೇ ಮೊದಲು ಕಂಡು, ಅವರೇ ನನಗೆ ಹೇಳಿದರು.

ಮನೆಗೆ ಕಳಿಸುವ ಹಿಂದಿನ ದಿನ ಬೆಳಿಗ್ಗೆ ಮಗನ ಬಾಯಿ ತೆಗೆಸಿ ಟಾರ್ಚು ಬಿಟ್ಟು ಗಂಟಲು ನೋಡುತ್ತಿದ್ದರು. ನೋಡಿದವರು ಟಾರ್ಚು ಆರಿಸಲಿಲ್ಲ. ಮತ್ತೆ ನೋಡಿದರು. ಕಂಪೌಂಡರಿಗೆ ಇನ್ನೊಂದು ಟಾರ್ಚು ತರಲು ಹೇಳಿದರು. ಮಗ ಕಿರುಚಿ ಅವರ ಬೆರಳು ಕಚ್ಚಿದ. ಅವರಿಗೆ ಅದರ ಪರಿವೆಯೇ ಇರಲಿಲ್ಲ.

"ಟೀಚರಮ್ಮ, ನೀವು ಬಾಯಿ ತೆಗೀರಿ."

ನಾನು ಗಾಬರಿಯಿಂದ ಬಾಯಿ ತೆರೆದೆ. ನನ್ನ ಗಂಟಲು ನೋಡಿದರು. ಕಂಪೌಂಡರನ್ನು ಕರೆದು ಅವರ ಬಾಯಿಯನ್ನೂ ತೆಗೆಸಿದರು. ಮುದುಕರು "ನನಗೇನೂ ಆಗಿಲ್ಲ ಸಾಬ್" ಎನ್ನುತ್ತಲೇ ಬಾಯಿ ತೆರೆದರು. ಮೂರನೆಯ ಸಲ ಮಗನ ಗಂಟಲು ನೋಡಿ ಡಾಕ್ಟರು ಕುರ್ಚಿಗೆ ಒರಗಿದರು.

"ನಾಲಿಗಿ ಹಿಂದ ಎರಡೂ ಬಾಜು ಟಾನ್ಸಿಲ್ ಅಂತ ಇರ್ತಾವ. ಈ ವಯಸ್ಸಿನಾಗ ದ್ರಾಕ್ಷಿ ಹಣ್ಣಿನಂಗ ಕಾಣಬೇಕು. ಇವನಿಗೆ ಇಲ್ಲವೇ ಇಲ್ಲ."

ಅದು ಇದ್ದರೇನು, ಇಲ್ಲದಿದ್ದರೇನು ಎಂದು ನನಗೆ ಅರ್ಥವಾಗಲಿಲ್ಲ. ಅವರು ಕೇಳಿದರು: "ನಿಮಗ ಅಣ್ಣತಮ್ಮಂದಿರು ಎಷ್ಟು ಮಂದಿ?"

"ಯಾರೂ ಇಲ್ಲರಿ. ಹುಟ್ಟಿದ್ರು. ನನಗಿಂತ ಮುಂಚೆ ಒಬ್ಬ, ನನ್ನ ಹಿಂದ ಒಬ್ಬ. ಇಬ್ಬರೂ ಸಣ್ಣವರಿದ್ದಾಗ ಹೋದ್ರು."

"ಹೆಂಗ?"

"ಜ್ವರ, ಫಿಟ್ಸು ಬಂದು. ಕಿವಿ ಸೋರ್ತಿದ್ವಂತ."

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಬಿತ್ತು. ಅಷ್ಟು ದಿನ ನನ್ನ ಮಗನ ಕಿವಿ ಒರೆಸುವಾಗ ಒಮ್ಮೆಯೂ ನನಗೆ ಅದು ಹೊಳೆದಿರಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

"ಈ ಗಂಟಲಾ ನಾ ಎಷ್ಟು ಸಲ ನೋಡೀನಿ! ಕೆಂಪಾಗ್ಯದೇನು, ಬಾತದೇನು ಅಂತ ಹುಡುಕಿದೆ. ಇರಬೇಕಾದ್ದು ಇಲ್ಲ ಅನ್ನೋದು ಕಣ್ಣಿಗೆ ಬೀಳಲಿಲ್ಲ. ಮೊದಲೇ ಕಂಡಿದ್ರ ಇವನ ಕಿವಿ ಉಳೀತಿತ್ತೋ ಏನೋ. ನಂದು ತಪ್ಪಾತಮ್ಮಾ."

ಡಾಕ್ಟರೊಬ್ಬರು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕಂಪೌಂಡರು ತಲೆ ತಗ್ಗಿಸಿ, ಆಗಲೇ ತೊಳೆದಿಟ್ಟಿದ್ದ ಗ್ಲಾಸುಗಳನ್ನು ಮತ್ತೆ ತೊಳೆಯುತ್ತಿದ್ದದ್ದು ನೆನಪಿದೆ.

ರಕ್ತ ಹೈದರಾಬಾದಿಗೆ ಹೋಯಿತು. ಉತ್ತರ ಬಂದ ದಿನ ಡಾಕ್ಟರು ನನ್ನನ್ನೂ ನನ್ನ ಗಂಡನನ್ನೂ ಕೂರಿಸಿಕೊಂಡು, ಹೊರಗಿನ ರೋಗಿಗಳನ್ನು ಕಾಯಲು ಹೇಳಿ, ತಾಳ್ಮೆಯಿಂದ ಬಿಡಿಸಿ ಹೇಳಿದರು. ನಮ್ಮ ಮಗನ ಮೈಯಲ್ಲಿ ಪ್ರತಿಕಾಯಗಳು ತಯಾರಾಗುವುದಿಲ್ಲ. ಅವರು ಅದನ್ನು ಆಂಟಿಬಾಡಿ ಎನ್ನುತ್ತಿದ್ದರು. ಈ ಕಾಯಿಲೆಯನ್ನು ತಾವು ಓದಿದ್ದು ಮಾತ್ರ, ಇವನೇ ಮೊದಲನೆಯವನು ಎಂದೂ ಮುಚ್ಚಿಡದೆ ಹೇಳಿದರು.

"ಈ ಕ್ರಿಮಿ ಬಹಳ ಮಂದಿ ಮೂಗಿನಾಗ ಸುಮ್ಮನ ಕೂತಿರ್ತದ. ನಿಮ್ಮ ಮೂಗಿನಾಗೂ ಇರಬಹುದು, ನನ್ನ ಮೂಗಿನಾಗೂ ಇರಬಹುದು. ಒಮ್ಮೊಮ್ಮೆ ರಕ್ತಕ್ಕ ಇಳೀತದ. ರಕ್ತದಾಗ ಬಿಳಿ ಕಣ ಅದಾವ, ಹಿಡಿದು ತಿನ್ನಲಿಕ್ಕೆ. ಆದ್ರ ಈ ಕ್ರಿಮಿ ಮೈಗೆ ಎಣ್ಣಿ ಸವರಿಕೊಂಡ ಕಳ್ಳನಂಗ. ಅದರ ಸುತ್ತ ನುಣುಪು ಕವಚ ಅದ. ಹಿಡಿದ್ರ ಜಾರ್ತದ. ಆಂಟಿಬಾಡಿ ಏನು ಮಾಡ್ತದ ಅಂದ್ರ, ಹೋಗಿ ಆ ಕವಚಕ್ಕ ಅಂಟ್ಕೋತದ. ಎಣ್ಣಿ ಮೈಮ್ಯಾಲೆ ಬೂದಿ ಎರಚಿದಂಗ. ಆಮೇಲೆ ಹಿಡಿತ ಸಿಗ್ತದ. ಬಿಳಿ ಕಣ ಅಲ್ಲೇ, ರಕ್ತದಾಗೇ ಮುಗಿಸಿಬಿಡ್ತಾವ. ಮೆದುಳಿನತನಕ ಹೋಗ್ಲಿಕ್ಕೆ ಬಿಡಂಗಿಲ್ಲ. ನಮ್ಮಲ್ಲಿ ದಿನಾ ಇದು ನಡೀತಿರ್ತದ, ನಮಗ ಗೊತ್ತೇ ಆಗಂಗಿಲ್ಲ."

"ಹಾಕಿಸಬೇಕಾದ ಸೂಜಿ ಎಲ್ಲಾ ಹಾಕಿಸೀನಲ್ಲರಿ" ಎಂದೆ. ನನ್ನ ಧ್ವನಿಯಲ್ಲಿ ಜಗಳವಿತ್ತು. "ನೀವು ಹೇಳಿದ ನ್ಯುಮೋನಿಯಾ ಸೂಜಿನೂ ಹಾಕ್ಸಿದೆ. ಮತ್ಯಾಕ ಬಂತು?"

"ಲಸಿಕೆ ಅಂದ್ರ ಪಾಠ. ಕ್ರಿಮಿ ಹೆಂಗಿರ್ತದ ಅಂತ ಮೈಗೆ ಕಲಿಸೋದು. ಕಲಿತ ಮೈ ಆಂಟಿಬಾಡಿ ಮಾಡ್ತದ. ನೀವು ಟೀಚರ್ ಇದ್ದೀರಿ. ನಿಮ್ಮ ಪಾಠದಾಗ ಏನೂ ಕೊರತಿ ಇಲ್ಲ. ಆದ್ರ ಕ್ಲಾಸಿನಾಗ ಹುಡುಗರೇ ಇಲ್ಲಂದ್ರ ಪಾಠ ಯಾರಿಗೆ ಹತ್ತಬೇಕು?"

ನನ್ನ ಗಂಡ ಕೇಳಿದ: "ಮತ್ತ ಹುಟ್ಟಿದ ಕೂಡಲೇ ಯಾಕ ಏನೂ ಆಗಲಿಲ್ಲ ಸಾರ್? ಆರು ತಿಂಗಳು ಹುಲಿಮರಿಯಂಗಿದ್ದ."

ಡಾಕ್ಟರು ಅವನಿಗೆ ಉತ್ತರ ಕೊಡುತ್ತ ನನ್ನ ಕಡೆ ನೋಡಿದರು. "ಅದು ಇವರದು. ಹೊಟ್ಟ್ಯಾಗ ಇದ್ದಾಗಲೇ ತಾಯಿ ತನ್ನ ಆಂಟಿಬಾಡಿ ಕೂಸಿಗೆ ಕೊಟ್ಟಿರ್ತಾಳ. ಅದು ಅಷ್ಟು ದಿನ ಬರ್ತದ." ಹಾಗೆ ಹೇಳಿದವರು ಥಟ್ಟನೆ ಮಾತು ನಿಲ್ಲಿಸಿ ಕೇಳಿದರು: "ನಿಮ್ಮ ತಾಯಿಯವರು ಇದ್ದಾರಲ್ಲ?"

ನಾನು ಅವ್ವನ ವಿಷಯ ಹೇಳಿದೆ. ಇಬ್ಬರು ಗಂಡುಮಕ್ಕಳು ಹೋದ ಮೇಲೆ ನನ್ನ ಅಪ್ಪನ ತಾಯಿ, ಓಣಿಯ ಹೆಂಗಸರು, ಎಲ್ಲರೂ ಅವಳ ಹಾಲಿನಲ್ಲಿ ವಿಷ ಇದೆ ಎಂದರಂತೆ. ಗಂಡುಕೂಸು ಆಕೆಗೆ ದಕ್ಕುವುದಿಲ್ಲ, ಆಕೆಯ ಕೈ ಮುಟ್ಟಿದರೆ ಉಳಿಯುವುದಿಲ್ಲ ಎಂದರಂತೆ. ನಾನು ದೊಡ್ಡವಳಾಗುವವರೆಗೂ ಓಣಿಯಲ್ಲಿ ಬಾಣಂತಿ ಇದ್ದ ಮನೆಗೆ ಅವ್ವ ಕಾಲಿಡುತ್ತಿರಲಿಲ್ಲ. ನನ್ನ ಮಗನನ್ನು ಅವಳು ಯಾಕೆ ಮುಟ್ಟುವುದಿಲ್ಲ ಎಂಬುದು ನನಗೆ ತಿಳಿದೇ ಇತ್ತು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಅಷ್ಟೆ.

"ಕರಕೊಂಡು ಬರ್ರಿ ಅವರನ್ನ" ಎಂದರು.

ಅವ್ವ ಬರಲಿಲ್ಲ. ಎಷ್ಟು ಹೇಳಿದರೂ "ಆಸ್ಪತ್ರಿಯಾಗ ಸಣ್ಣ ಕೂಸು ಇರತಾವ, ನಾ ಬರಂಗಿಲ್ಲ" ಎಂದು ಹಟ ಹಿಡಿದಳು. ಅದನ್ನು ಡಾಕ್ಟರಿಗೆ ಹೇಳಿದೆ. ಮುಂದಿನ ಭಾನುವಾರ ನಮ್ಮ ಮನೆಯ ಮುಂದೆ ಅವರ ಹಳೆಯ ಕಾರು ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಕಂಪೌಂಡರು ಮುಖ ಬಿಳುಚಿಕೊಂಡು ಕೂತಿದ್ದರು. ಡಾಕ್ಟರು ತಾವೇ ಕಾರು ನಡೆಸಿಕೊಂಡು ಬಂದಿದ್ದರು, ಮತ್ತು ಅವರಷ್ಟು ಕೆಟ್ಟದಾಗಿ ಕಾರು ನಡೆಸುವವರನ್ನು ನಾನು ಬೇರೆ ನೋಡಿಲ್ಲ. ನನ್ನನ್ನೂ ಮಗನನ್ನೂ ಹತ್ತಿಸಿಕೊಂಡು ಆಸ್ಪರಿ ದಾರಿ ಹಿಡಿದರು.

ಅವ್ವ ಜಗಲಿಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಮುದ್ರೆ ಹಚ್ಚಿದ ಆಚಾರರೊಬ್ಬರು ಕಾರಿನಿಂದ ಇಳಿದದ್ದು ಕಂಡು ಗಡಬಡಿಸಿ ಎದ್ದಳು. "ನಿಮ್ಮಂತೋರು ನಮ್ಮನಿಗೆ ಬಂದ್ರ ನಾ ಏನ್ ಕೊಡಲಿ ಸಾಮಿ?"

"ಬಾಯಿ ಒಣಗ್ಯದ. ನೀರು ಕೊಡ್ರಿ."

ಅವ್ವ ನನ್ನ ಮುಖ ನೋಡಿದಳು. ಒಳಗೆ ಹೋಗಿ ತಂಬಿಗೆಯನ್ನು ಹೊಳೆಯುವಂತೆ ತಿಕ್ಕಿ ನೀರು ತಂದಳು. ಮಡಿ, ಮೈಲಿಗೆಯೆಂದು ಹೋಟೆಲಿನ ಟೀಯನ್ನೂ ಕುಡಿಯದ ಮನುಷ್ಯ ಅದನ್ನು ಪೂರ್ತಿ ಕುಡಿದು ತಂಬಿಗೆ ಕೆಳಗಿಟ್ಟರು. ಆಮೇಲೆ ಜಗಲಿಯ ಮೇಲೆ ಶೇಂಗಾ ಸಿಪ್ಪೆ ಸರಿಸಿ ಅವ್ವನ ಎದುರಿಗೇ ಕೂತರು.

"ನಿಮ್ಮ ಗಂಡುಮಕ್ಕಳು ಹುಟ್ಟಿದಾಗ ಹೆಂಗಿದ್ವು?"

ಅವ್ವನಿಗೆ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಎಲ್ಲರೂ ಕೇಳಿದ್ದು ಅವು ಹೇಗೆ ಸತ್ತವೆಂದು. ಕೂತು ಶೇಂಗಾವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು ಸುಲಿಯತೊಡಗಿದಳು. "ಚೆಂದಿದ್ವು ಸಾಮಿ. ಗುಂಡುಗುಂಡಕ ಇದ್ವು. ಕೂಡೋತನಕ ಒಂದು ಸೀನೂ ಇದ್ದಿಲ್ಲ. ಆಮ್ಯಾಲ ಹತ್ತಿದ್ವು ನೋಡ್ರಿ, ಜ್ವರ."

"ಆ ಚೆಂದಿದ್ದಷ್ಟು ದಿನ ಅವನ್ನ ಕಾಯ್ದವರು ಯಾರು ಗೊತ್ತೇನಮ್ಮಾ? ನೀವು."

ಅವ್ವ ಅರ್ಥವಾಗದೆ ನೋಡಿದಳು.

"ನಿಮ್ಮ ರಕ್ತದಾಗ ಕ್ರಿಮಿ ಹಿಡಿಯೋ ಕಾವಲು ಐತಿ. ಹೊಟ್ಟ್ಯಾಗಿದ್ದಾಗ ಅದು ನಿಮ್ಮಿಂದ ಅವಕ್ಕ ಹೋಗಿತ್ತು. ಅದು ಇದ್ದಷ್ಟು ದಿನ ಯಾವ ಜ್ವರಾನೂ ಹತ್ತಿರ ಬರಲಿಲ್ಲ. ಅದು ತೀರಿದ ಮೇಲೆ ಎಲ್ಲಾ ಮಕ್ಕಳು ತಮ್ಮ ಕಾವಲು ತಾವೇ ಮಾಡ್ಕೋತಾವ. ನಿಮ್ಮ ಮಕ್ಕಳಿಗೆ ಅದು ಮಾಡ್ಕೊಳ್ಳಿಕ್ಕೆ ಬರ್ತಿದ್ದಿಲ್ಲ. ಹುಟ್ಟಿನಿಂದ ಬಂದ ಕೊರತಿ. ಆಗಿನ ಕಾಲದಾಗ ಯಾರಿಗೂ ಗೊತ್ತಾಗ್ತಿದ್ದಿಲ್ಲ."

ಅವ್ವನ ಭಾಷೆಗೆ ಅವರ ಮಾತು ತಾನೇ ಹೊರಳಿ "ಅದ" ಹೋಗಿ "ಐತಿ" ಬಂದದ್ದನ್ನು ನಾನು ಗಮನಿಸಿದೆ.

"ಮತ್ತ ನನ್ನ ಹಾಲು?" ಅವ್ವನ ಧ್ವನಿ ಕೇಳಿಸದಷ್ಟು ಸಣ್ಣಗಿತ್ತು.

"ನಿಮ್ಮ ಹಾಲಿನಾಗ ಕೆಟ್ಟದ್ದು ಏನೂ ಇದ್ದಿಲ್ಲ. ಹಾಲೂ ಅವನ್ನ ಕಾಯ್ದದ್ದೇ. ಬ್ಯಾರೆಯವರು ಹೇಳಿದ್ದು ಸುಳ್ಳು."

ಅಲ್ಲಿಗೇ ಮಾತು ನಿಲ್ಲಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಆದರೆ ಅವ್ವ ಕೇಳಿಯೇ ಬಿಟ್ಟಳು. "ಈ ಕೂಸಿಗೂ ಆ ಕೊರತಿ ನನ್ನಿಂದನ ಬಂತೇನು ಸಾಮಿ?"

"ಹೌದಮ್ಮಾ. ನಿಮ್ಮಿಂದ ನಿಮ್ಮ ಮಗಳಿಗೆ, ಆಕಿಯಿಂದ ಇವನಿಗೆ. ಹೆಣ್ಣಿನ ಮೈಯಾಗ ಅದು ಸುಮ್ಮನ ಇರ್ತೈತಿ, ಗಂಡುಕೂಸಿಗೆ ಕಾಡ್ತೈತಿ. ನಾ ಸುಳ್ಳು ಹೇಳಂಗಿಲ್ಲ. ನಿಮ್ಮ ಮಗಳ ಮೂಗು ನಿಮ್ಮ ಮೂಗಿನಂಗ ಐತಿ. ಅದನ್ನ ನೀವು ಬೇಕಂತ ಮಾಡಿದ್ರೇನು? ಇದೂ ಹಂಗ. ಕೊರತಿನೂ ನಿಮ್ಮಿಂದ ಬಂತು, ಕಾವಲೂ ನಿಮ್ಮಿಂದ ಬಂತು. ಜನ ಒಂದನ್ನ ಹಿಡಕೊಂಡು ಇನ್ನೊಂದನ್ನ ಬಿಟ್ರು."

ಅವ್ವ ಅಳಲಿಲ್ಲ. ಮಡಿಲಿನ ಶೇಂಗಾ ಸಿಪ್ಪೆಯನ್ನು ಒಂದೊಂದೇ ಆರಿಸಿ ಕೆಳಗೆ ಹಾಕಿದಳು. ಸೆರಗು ಕೊಡವಿದಳು. ಆಮೇಲೆ ನನ್ನ ಕಡೆ ಕೈ ಚಾಚಿ "ಕೊಡಿಲ್ಲಿ" ಎಂದಳು.

ಮಗನನ್ನು ಅವಳ ಮಡಿಲಲ್ಲಿಟ್ಟೆ. ಎತ್ತಿಕೊಳ್ಳುವುದು ಮರೆತುಹೋದವಳಂತೆ ಮೊದಲು ಅವನನ್ನು ಎರಡೂ ಕೈಯಲ್ಲಿ ಹಿಡಿದು ದೂರವೇ ಕೂರಿಸಿಕೊಂಡಳು. ಅವನು ಅವಳ ಮೂಗುತಿಗೆ ಕೈ ಹಾಕಿದ. ಆಗ ಎದೆಗವಚಿಕೊಂಡಳು. ಡಾಕ್ಟರು ಎದ್ದು ಹೋಗಿ ಹೊಲದ ಕಡೆ ಮುಖ ಮಾಡಿ ನಿಂತರು. ಕಂಪೌಂಡರು ಮೊದಲೇ ಕಾರಿನ ಹಿಂದೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದರು.

ವಾಪಸು ಬರುವಾಗ ದಾರಿಯಲ್ಲಿ ಡ್ರೈವಿಂಗ್ ಮಾಡುತ್ತಲೇ ಹಿಂದಕ್ಕೆ ತಿರುಗಿ ನನ್ನನ್ನು ನೋಡಿ ಹೇಳಿದರು: "ಇಷ್ಟು ವರ್ಷ ಅವರೊಬ್ಬರೇ ಇದನ್ನ ಹೊತ್ಕೊಂಡಾರ ನೋಡ್ರಿ." ಕಂಪೌಂಡರು "ಸಾಬ್, ಮುಂದ ನೋಡ್ರಿ, ಮುಂದ ನೋಡ್ರಿ" ಎಂದು ಕೂಗಿದರು.

ಅಲ್ಲಿಂದ ನಮ್ಮ ತಿಂಗಳ ಲೆಕ್ಕ ಬದಲಾಯಿತು. ತಿಂಗಳಿಗೊಮ್ಮೆ ಮಗನ ಕೈಗೆ ಸೂಜಿ ಚುಚ್ಚಿ, ಬಾಟಲಿಯಿಂದ ಪ್ರತಿಕಾಯಗಳನ್ನು ಹನಿಹನಿಯಾಗಿ ಇಳಿಸಬೇಕು. ಬೆಳಿಗ್ಗೆ ಶುರುವಾದರೆ ಮಧ್ಯಾಹ್ನದ ಊಟದ ಹೊತ್ತು ಮೀರುತ್ತಿತ್ತು. ಆ ಔಷಧಿ ನನ್ನ ಗಂಡನ ನೌಕರಿಯ ಆರೋಗ್ಯ ಕಾರ್ಡಿನಲ್ಲಿ ತಪ್ಪದೆ ಸಿಗುವಂತಾಗಲು ಡಾಕ್ಟರು ಕರ್ನೂಲಿಗೆ ಎಷ್ಟು ಸಲ ಅಲೆದರೋ ದೇವರಿಗೇ ಗೊತ್ತು.

ಅವನು ಮಾತು ಬಲ್ಲವನಾದ ಮೇಲೆ ಒಮ್ಮೆ ಕೇಳಿದ: "ಡಾಕ್ಟರ್ ತಾತ, ಇದರಾಗ ಏನೈತಿ?"

"ಸಾವಿರಾರು ಮಂದಿ ಕೊಟ್ಟ ರಕ್ತದ ಸಾರ ಅದ ಇದರಾಗ. ಯಾರೋ ಎಲ್ಲೋ ಸಣ್ಣವರಿದ್ದಾಗ ಜ್ವರ ಬಂದು ಗೆದ್ದಿರ್ತಾರ. ಸೂಜಿ ಹಾಕಿಸ್ಕೊಂಡು ಅತ್ತಿರ್ತಾರ. ಅವರು ಗಳಿಸಿದ್ದು ನಿನಗ ಬಂದದ. ಅವರಿಗೆ ನೀ ಯಾರಂತ ಗೊತ್ತಿಲ್ಲ."

"ನಾನೂ ಕೊಡಬೇಕಲ್ಲ ಮತ್ತ?"

"ನಿನ್ನ ರಕ್ತದಾಗ ಅದು ಇಲ್ಲಲ್ಲಪ್ಪಾ. ನೀ ಬ್ಯಾರೆ ಏನರ ಕೊಡು."

ರೋಗಿಗಳು ಕಡಿಮೆಯಿದ್ದಾಗ ಮಂಚದ ಮೇಲೆ ಸೀಮೆಸುಣ್ಣದಲ್ಲಿ ಮನೆ ಎಳೆದ ಹಲಗೆ ಇಟ್ಟುಕೊಂಡು, ಉಜ್ಜಿದ ಹುಣಸೆಬೀಜಗಳಿಂದ ಇಬ್ಬರೂ ಚೌಕಾಬಾರ ಆಡುತ್ತಿದ್ದರು. ಮಗನ ಬಲಗಿವಿಯ ಕಡೆಗೇ ಕೂರುವರು. ಸಣ್ಣ ಹುಡುಗ, ಕೈಯಲ್ಲಿ ಸೂಜಿ ಬೇರೆ, ಒಮ್ಮೆಯಾದರೂ ಸೋತುಕೊಡಬಾರದೇ ಎಂದು ನಾನು ಕಣ್ಸನ್ನೆ ಮಾಡಿದರೆ ಅವರು ಜೋರಾಗಿಯೇ ಹೇಳಿಬಿಡುವರು: "ಆಟದಾಗ ಯಾಕ ಮೋಸ? ಇವತ್ತು ಗೆಲ್ಲಿಸಿದ್ರ ನಾಳಿ ನಿಜವಾಗಿ ಗೆದ್ದಾಗ ನಂಬಂಗಿಲ್ಲ ಅವ." ಮಗ ಮೊದಲ ಸಲ ನಿಜವಾಗಿ ಗೆದ್ದಾಗ ಡಾಕ್ಟರಿಗೆ ಎಷ್ಟು ಸಿಟ್ಟು ಬಂತೆಂದರೆ ಮತ್ತೊಂದು ಆಟಕ್ಕೆ ಕೂತು, ಹೊರಗೆ ಕಾಯುತ್ತಿದ್ದವರ ಕೈಯಲ್ಲಿ ಬೈಸಿಕೊಂಡರು.

ನನ್ನ ಶಾಲೆಗೂ ಬಂದಿದ್ದರು. ತಾಯಂದಿರನ್ನೆಲ್ಲ ಕೂಡಿಸಿ ಲಸಿಕೆಯ ಬಗ್ಗೆ ಹೇಳಿ, ಕೊನೆಗೆ ನನ್ನ ಮಗನನ್ನು ಎದುರಿಗೆ ನಿಲ್ಲಿಸಿಕೊಂಡರು. "ನಿಮ್ಮ ಮಕ್ಕಳಿಗೆ ಸೂಜಿ ಹಾಕಿಸಿದ್ರ ಅವರ ಮೂಗಿನಾಗಿಂದ ಕ್ರಿಮಿ ಇವನಿಗೆ ಬರೋದು ಕಡಿಮಿ ಆಗ್ತದ. ನಿಮ್ಮ ಮಕ್ಕಳಿಗಷ್ಟೇ ಅಲ್ಲ, ಇವನಿಗೂ ನೀವು ಮಾಡಿದಂಗ." ಅಲ್ಲಿಯವರೆಗೆ ಲಸಿಕೆಯ ದಿನ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುತ್ತಿದ್ದ ಒಬ್ಬಾಕೆ ಮರುವಾರ ತಾನೇ ನನ್ನ ಮನೆಗೆ ಬಂದು, ಮಗುವಿನ ತೊಡೆಯ ಮೇಲಿನ ಗುಳ್ಳೆ ತೋರಿಸಿ "ಹಾಕಿಸೀನ್ರಿ ಟೀಚರಮ್ಮ, ನಿಮ್ಮ ಹುಡುಗಂಗ ಹೇಳ್ರಿ" ಎಂದು ಹೋದಳು.

ಹೋದ ವರ್ಷ ಡಾಕ್ಟರ ಹೃದಯ ಕೈಕೊಡತೊಡಗಿತು. ಹತ್ತು ಹೆಜ್ಜೆ ನಡೆದರೆ ಏದುಸಿರು. ಅವರಿಗೆ ಗೊತ್ತಿತ್ತು. ಊರಿಗೆ ಹೊಸದಾಗಿ ಬಂದಿದ್ದ, ಮಕ್ಕಳ ಕಾಯಿಲೆ ಓದಿದ ಎಳೆಯ ಡಾಕ್ಟರಮ್ಮನನ್ನು ತಿಂಗಳು ತಿಂಗಳೂ ನಮ್ಮ ಸೂಜಿಯ ದಿನ ಕರೆಸಿ, ಅವಳ ಕೈಯಿಂದಲೇ ಚುಚ್ಚಿಸುತ್ತ, ತಾವು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಹತ್ತನೇ ಕ್ಲಾಸಿಗೆ ಬಂದಿದ್ದ ನನ್ನ ಮಗನಿಗೆ ಅದು ಯಾಕೆಂದು ಅರ್ಥವಾಗುತ್ತಿತ್ತು.

ಅಂಥ ಒಂದು ಸೂಜಿಯ ದಿನ ನಾವು ಎಂದಿನಂತೆ ಬೆಳಗಿನ ಬಸ್ಸಿಗೆ ಹೋದೆವು. ಮನೆಯ ಮುಂದೆ ಜನ ನಿಂತಿದ್ದರು. ಹೊರಕೋಣೆಯ ಬಾಗಿಲು ತೆರೆದಿತ್ತು, ಕುರ್ಚಿ ಖಾಲಿಯಿತ್ತು. ಒಳಗಿನಿಂದ ಮಂತ್ರ ಕೇಳುತ್ತಿತ್ತು. ಅವತ್ತು ಬೆಳಿಗ್ಗೆ ಸ್ನಾನಕ್ಕೆಂದು ಎದ್ದವರು ಹಾಗೇ ಕುಸಿದಿದ್ದರಂತೆ.

ನಾನು ಮಗನ ಕೈ ಹಿಡಿದು ಹಿಂದಕ್ಕೆ ಸರಿದೆ. ಕಂಪೌಂಡರು ನಮ್ಮನ್ನು ಕಂಡು ಹತ್ತಿರ ಬಂದರು. ಕಣ್ಣು ಕೆಂಪಾಗಿದ್ದವು. ಕೈಯಲ್ಲಿ ಬಾಟಲಿ ಇತ್ತು.

"ಬಾ ಬೇಟಾ, ಮಲಕ್ಕೋ. ಡಾಕ್ಟರಮ್ಮ ಬಂದಾರ."

"ಇವತ್ತು ಬ್ಯಾಡ ಚಾಚಾ" ಎಂದ ಮಗ. "ನಾಳೆ ಬರ್ತೀನಿ."

"ತಡ ಆದ್ರ ಸಾಬ್ ನನಗ ಬೈತಾರ" ಎಂದ ಮುದುಕರು ತಾವು ಆಡಿದ್ದು ತಮಗೇ ಕೇಳಿ ಬಾಯಿ ಮುಚ್ಚಿಕೊಂಡರು.

ಉದ್ದನೆಯ ಕೋಣೆಯಲ್ಲಿ ಮಗ ಮಲಗಿದ. ಎಳೆಯ ಡಾಕ್ಟರಮ್ಮ ಮೊದಲ ಸಲಕ್ಕೇ ನರ ಹಿಡಿದಳು. ಬಾಗಿಲಿನ ಆಚೆ ಓಡಾಟ, ಅಳು, ಬಿದಿರು ಕಟ್ಟುವ ಸದ್ದು. ಬಿಸಿಲು ಏರಿದಂತೆ ಪುರೋಹಿತರು ಹೊತ್ತಾಯಿತು, ರಾಯಚೂರಿನಿಂದ ಮಗಳೂ ಬಂದಾಯಿತು, ಇನ್ನು ಎತ್ತಬೇಕು ಎನ್ನುವುದು ಕೇಳಿಸಿತು. ಮಗ ಎದ್ದು ಕೂತು ಬಾಟಲಿ ನೋಡಿದ. ಇನ್ನೂ ಕಾಲು ಭಾಗ ಉಳಿದಿತ್ತು. "ಕೀಳ್ರಿ ಇದನ್ನ, ನಾ ಹೋಗಬೇಕು" ಎಂದು ಸೂಜಿಯ ಕಡೆಗೆ ಕೈ ಹಾಕಿದ.

ಆಗ ಆ ಕೊನೆಯ ಬಾಗಿಲು ತೆರೆದು ಡಾಕ್ಟರ ಹೆಂಡತಿ ಬಂದರು. ಅಷ್ಟು ವರ್ಷ ಆ ಬಾಗಿಲಿನಿಂದ ನನಗೆ ಅನ್ನ ಕಳಿಸಿದವರು, ರೋಗಿಗಳ ಕೋಣೆಗೆ ತಾವಾಗಿ ಬಂದದ್ದು ಅಪರೂಪ. ಮಗನ ಕೈ ಹಿಡಿದು ಮತ್ತೆ ಮಲಗಿಸಿದರು. ಬಾಟಲಿಯನ್ನು ನೋಡಿದರು. ಹಿಂದಕ್ಕೆ ತಿರುಗಿ, ಬಾಗಿಲಲ್ಲಿ ನಿಂತಿದ್ದ ಪುರೋಹಿತರಿಗೆ ಹೇಳಿದರು:

"ಇವನದು ಮುಗೀಲಿ. ಅಲ್ಲೀತನಕ ಎತ್ತೋದು ಬ್ಯಾಡ."

"ಅಮ್ಮಾ, ಹೊತ್ತು ಮೀರ್ತದ..."

"ಮೀರಲಿ. ಅವರು ಇದ್ದಿದ್ರ ಇದು ಮುಗಿಯೋತನಕ ಊಟಕ್ಕೂ ಏಳ್ತಿದ್ದಿಲ್ಲ."

ಬೀದಿಯಲ್ಲಿ ನಿಂತವರು, ಜಗಲಿಯಲ್ಲಿ ಕೂತವರು, ಹೆಗಲು ಕೊಡಲು ಪಂಚೆ ಕಟ್ಟಿಕೊಂಡು ನಿಂತವರು, ಎಲ್ಲರೂ ಕಾದರು. ಬುರ್ಖಾ ಹಾಕಿದ ಹೆಂಗಸರು ಗೋಡೆಯ ನೆರಳಿನಲ್ಲಿ ಮಕ್ಕಳನ್ನು ಎತ್ತಿಕೊಂಡು ನಿಂತಿದ್ದರು. ಡಾಕ್ಟರ ಹೆಂಡತಿ ನನ್ನ ಮಗನ ತಲೆಯ ಹತ್ತಿರ, ತಮ್ಮ ಗಂಡ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತರು. ಕಂಪೌಂಡರು ಹನಿಗಳನ್ನು ಜೋರು ಮಾಡಲಿಲ್ಲ. ಎಂದಿನ ವೇಗದಲ್ಲೇ ಬಿಟ್ಟರು.

ಬಾಟಲಿ ಬರಿದಾದ ಮೇಲೆ ಸೂಜಿ ತೆಗೆದು ಹತ್ತಿ ಒತ್ತಿದರು. ಮಗ ಮೊಣಕೈ ಮಡಚಿಕೊಂಡು ಒಳಗೆ ಹೋದ. ಆಮೇಲೆ ಅವರನ್ನು ಎತ್ತಿದರು.